ಮೌನದ ಹೊತ್ತಲ್ಲಿ ಕಲಿತ ಇಂಗ್ಲಿಷು

ಹೊಳೆ ದಂಡೆ ಮೇಲೊಂದು ಸಣ್ಣ ಮಠ. ಅಲ್ಲಿ ಎದ್ದಾಗಿನಿಂದ ಹೊತ್ತು ನೆತ್ತಿಗೆ ಬರೋವರೆಗೂ ಯಾರೂ ಮಾತಾಡೋ ಹಾಗಿಲ್ಲ. ಉಪ್ಪು ಬೇಕಾದರೂ ಕೈಸನ್ನೆಯೇ.

ಆ ಕಟ್ಟಳೆ ಮಠದ ಗುರುಗಳದು. ಎಲ್ಲರೂ ಅವರನ್ನ ಬುದ್ಧಿ ಅಂತಲೇ ಕರೆಯೋರು. ವಯಸ್ಸಾಗಿತ್ತು, ಮಂಡಿನೋವು, ಕೂತರೆ ಏಳೋದು ಕಷ್ಟ. ಆದರೂ ಒಂದು ಬೆಳಿಗ್ಗೆಯೂ ತುಟಿ ಬಿಚ್ಚಿದವರಲ್ಲ.

ಅವರ ಶಿಷ್ಯ ಗುರುಮಲ್ಲ. ಮಠದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕು ಅಂತ ಅವನ ಆಸೆ. ಅದಕ್ಕೆ ಒಪ್ಪಿಗೆ ಕೊಡಬೇಕಾದ ಆಚೆ ದಡದ ಶಾಲೆಯ ಹೆಡ್‌ಮೇಷ್ಟ್ರು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡಿದಾಗ ಸೋತು ಬಂದಿದ್ದ. ನಾಳೆ ಬೆಳಿಗ್ಗೆ ಮತ್ತೆ ಬರಹೇಳಿದ್ದರು. ಈ ಸಲವೂ ಆಗದಿದ್ದರೆ ಮಕ್ಕಳಿಗೆ ಇಂಗ್ಲಿಷ್ ಪಾಠವೇ ಬೇಡ ಅಂದುಬಿಟ್ಟಿದ್ದರು.

ಊಟ ಆದಮೇಲೆ ಅವನು ಬುದ್ಧಿಗಳ ಹತ್ತಿರ ಬಂದು ಕುಸಿದು ಕೂತ.

"ಸಾಕಾಯ್ತು ಬುದ್ಧಿ. ಒಂದು ಅನ್ನೋದಕ್ಕೆ ಎರಡು ಮಾತು ಯಾಕೆ ಬೇಕಿತ್ತು ಈ ಜನಕ್ಕೆ? 'ಎ' ಅಂತೊಂದು, 'ಆ್ಯನ್' ಅಂತೊಂದು."

"ನಮ್ಮಲ್ಲೂ ಒಬ್ಬ, ಒಬ್ಬಳು, ಒಂದು ಅಂತ ಇಲ್ಲವೇನೋ? ಅವರನ್ನ ಯಾಕೆ ಬಯ್ತೀಯ?"

"ಸ್ವರ ಬಂದರೆ ಆ್ಯನ್, ವ್ಯಂಜನ ಬಂದರೆ ಎ. ಅಷ್ಟನ್ನ ಕಲಿತೆ. ಗಂಟೆಗೆ ಅವರು 'ಅವರ್' ಅಂತಾರೆ. ಬರೆಯೋವಾಗ ಮೊದಲಿಗೆ ಎಚ್ ಇದೆ. ಅದಕ್ಕೇ ಎ ಹಾಕಿದೆ. ತಪ್ಪಂತೆ."

"ಆ ಎಚ್ ಬಾಯಲ್ಲಿ ಬರುತ್ತಾ?"

"ಇಲ್ಲ ಬುದ್ಧಿ. ಆದರೆ ಪುಸ್ತಕದಲ್ಲಿ ಇದೆಯಲ್ಲ, ಎದ್ದು ಕಾಣ್ತದೆ!"

"ನೀನು ಯಾವತ್ತಾದರೂ ಬಾಯಿಬಿಟ್ಟು ಅಂದಿದ್ದೀಯಾ?"

ಗುರುಮಲ್ಲ ತಲೆ ತಗ್ಗಿಸಿದ.

"ಇಲ್ಲ. ಓದೋದಕ್ಕೆ ಸಿಗೋದು ಬೆಳಗಿನ ಹೊತ್ತು ಮಾತ್ರ. ಆಗ ಮೌನ. ಮಧ್ಯಾಹ್ನದ ಮೇಲೆ ದನ, ಸೌದೆ, ದಾಸೋಹದ ಪಾತ್ರೆ. ಎಲ್ಲ ಕಣ್ಣಲ್ಲೇ ಕಲಿತೆ ಬುದ್ಧಿ."

ಬುದ್ಧಿಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಹೋದರು ಅಂದುಕೊಂಡು ಗುರುಮಲ್ಲ ಎದ್ದು ಹೋದ.

ಮರುದಿನ ಬೆಳಿಗ್ಗೆ ಅವನು ಹೊಳೆಯ ಸೋಪಾನದ ಮೇಲೆ ತುಟಿ ಬಿಗಿದುಕೊಂಡು ಪುಸ್ತಕ ನೋಡ್ತಾ ಕೂತಿದ್ದ. ಬುದ್ಧಿಗಳು ಮಿಂದು ಬಂದರು. ಒದ್ದೆ ಪಂಚೆಯಲ್ಲೇ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

"ಓದು" ಅಂದರು.

ಗುರುಮಲ್ಲ ಬೆಚ್ಚಿಬಿದ್ದ. ಬಾಯಿಮೇಲೆ ಬೆರಳಿಟ್ಟು ಮೂಡಲಲ್ಲೇ ಇದ್ದ ಸೂರ್ಯನನ್ನ ತೋರಿಸಿದ.

"ನನಗೂ ಕಣ್ಣಿದೆ ಕಣೋ. ಓದು, ಜೋರಾಗಿ."

ಅಡುಗೆಮನೆ ಬಾಗಿಲಲ್ಲಿ ಮಠದ ಅಡುಗೆಯ ಪುಟ್ಟಮಾದಮ್ಮ ನಿಂತಿದ್ದಳು. "ಅಯ್ಯಯ್ಯೋ, ಬುದ್ಧಿಗೇನಾಯ್ತು!" ಅಂತ ಕೂಗಿದವಳು ನಾಲಿಗೆ ಕಚ್ಚಿಕೊಂಡಳು.

ಗುರುಮಲ್ಲ ನಡುಗೋ ದನಿಯಲ್ಲಿ ಅಂದ. "ಎ... ಅವರ್."

"ನಾಲಿಗೆ ಎಡವಿತು. ಇನ್ನೊಂದನ್ನ ಹಾಕಿ ನೋಡು."

"ಆ್ಯನ್ ಅವರ್."

"ನಡೀತು. ಮುಂದಕ್ಕೆ ಹೋಗು."

ಬುದ್ಧಿಗಳಿಗೆ ಇಂಗ್ಲಿಷಿನ ಗಂಧವೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳ್ತಿದ್ದರು. ಎಡವಿದ ಕಡೆ ಹುಬ್ಬು ಗಂಟಾಗೋದು. ಸಲೀಸಾಗಿ ಹರಿದ ಕಡೆ ತಲೆ ಆಡೋದು. ದೋಣಿ ಬರೋವರೆಗೂ ಗುರುಮಲ್ಲ ಓದಿದ. ಕೊನೆಕೊನೆಗೆ ಅವರ ಮುಖ ನೋಡೋದನ್ನೂ ಬಿಟ್ಟಿದ್ದ.

ಇಳಿಹೊತ್ತಿಗೆ ತಿರುಗಿ ಬಂದವನು ಅವರ ಕಾಲಿಗೆ ಬಿದ್ದ.

"ಆಯ್ತು ಬುದ್ಧಿ. ನಾಡಿದ್ದಿಂದ ಪಾಠ ಶುರು ಮಾಡು ಅಂದರು."

"ಒಳ್ಳೇದಾಯ್ತು."

ಅವನು ಏಳಲಿಲ್ಲ. ಕಣ್ಣಲ್ಲಿ ನೀರು.

"ಇಷ್ಟು ವರ್ಷ ನಡೆಸಿದ ವ್ರತ ನನ್ನಂಥವನಿಗೋಸ್ಕರ ಮುರೀತಲ್ಲ ಬುದ್ಧಿ."

"ಮುರಿದದ್ದು ನನ್ನದು. ಅದನ್ನ ನೀನ್ಯಾಕೆ ಹೊರ್ತೀಯ?"

"ನಾಳೆಯಿಂದ ಮತ್ತೆ ಹಿಡೀತೀರಾ?"

"ಹಿಡೀಲೇಬೇಕು. ಮಾತಾಡೋ ತ್ರಾಣ ಎಲ್ಲಿದೆ ನನಗೆ?"

"ಹಾಗಾದರೆ ಮಕ್ಕಳಿಗೆ ಮಧ್ಯಾಹ್ನದ ಮೇಲೆ ಪಾಠ ಇಟ್ಟುಕೊಳ್ತೀನಿ. ನಿಮಗೆ ಗಲಾಟೆ ಆಗಬಾರದು."

ಬುದ್ಧಿಗಳು ಮಂಡಿ ನೀವಿಕೊಳ್ತಾ ನಿಟ್ಟುಸಿರು ಬಿಟ್ಟರು.

"ಬೆಳಿಗ್ಗೇನೇ ಕರಕೊಂಡು ಬಾರಪ್ಪ, ನನ್ನ ಹತ್ತಿರವೇ ಕೂರಿಸು. ಇಷ್ಟು ವರ್ಷ ಸುಮ್ಮನೆ ಕೂತಿದ್ದೀನಿ, ಕೇಳೋದಕ್ಕೂ ಏನಾದರೂ ಬೇಕಲ್ಲ."