ಗಿರಿಯಮ್ಮನ ಕೈಗೆ ಹಸಿರು ಬಳೆ

ಕೇಳ್ರಪ್ಪಾ, ಬಳೆ ಮಾರೋ ಗಿರಿಯಮ್ಮಂಗೆ ಒಬ್ನೇ ಮಗ, ಮುದ್ದಶೆಟ್ಟಿ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲುದ್ದ. ಗಂಡ ಸತ್ತು ಹನ್ನೆರಡು ವರ್ಷ, ತಾನು ಬಳೆಯಿಲ್ಲದ ಬರಿಗೈಲಿ ಊರೂರು ಸುತ್ತಿ ಊರೋರಿಗೆಲ್ಲ ಬಳೆ ತೊಡಿಸಿ ಅವಳ ಮಂಡಿ ಸವೆದಿತ್ತು. "ಇವನೊಬ್ಬ ಬುಟ್ಟಿ ಹೊತ್ರೆ ನಾನು ಕೂತ್ಕೊತೀನಿ ಶಿವನೇ" ಅನ್ನೋದೊಂದೇ ಆಸೆ.

"ಲಾಟೀನು ಗಾಜು ಮಸಿ ಹಿಡಿದೈತೆ, ತೊಳಿ ಕಣ್ಲಾ" ಅಂದ್ಲು. ಉರೀತಿದ್ದ ಲಾಟೀನಿಂದ ಗಾಜು ತೆಗೆದು ಹಂಗೇ ತಣ್ಣೀರಿಗೆ ಅದ್ದಿದ. ಚಟ್!

"ಅಯ್ಯೋ ಪೆದ್ದೇ! ಬಿಸಿ ಗಾಜಿಗೆ ತಣ್ಣೀರು ಸೋಕಿಸ್ತಾರಾ? ಗಾಜು ಅಂದ್ರೆ ಹುಲ್ಲಲ್ಲಿ ಸುತ್ತಿ ಮೆತ್ತಗೆ ಇಡಬೇಕು ಕಣ್ಲಾ!"

"ಹೂಂ ಅವ್ವಾ."

ಸಂತೆಯಿಂದ ಬಳೆ ತಂದ. ಹುಲ್ಲಲ್ಲಿ ಸುತ್ತಿದ, ಮೆತ್ತಗೆ ಇಟ್ಟ. ಎಲ್ಲಿ? ಎಮ್ಮೆ ಮುಂದೆ! ಎಮ್ಮೆ ಹುಲ್ಲು ಎಳೀತು, ಬಳೆ ತುಳೀತು.

"ಥೂ ನಿನ್ನ! ಯಾರನ್ನೂ ಹತ್ರ ಬಿಡಬಾರದು. 'ದೂರ, ದೂರ, ಗಾಜೈತೆ' ಅಂತ ಕೂಗಬೇಕು!"

"ಹೂಂ ಅವ್ವಾ."

ಗೌಡರ ಸೊಸೆಯ ಸೀಮಂತ ಬಂತು. ಮನೇಲಿದ್ದ ಬಳೆನೆಲ್ಲ ತುಂಬಿಸಿ ಕಳಿಸಿದ್ಲು. ಸೊಸೆ ಬಳೆ ತೊಡಿಸ್ಕೊಳ್ಳಕ್ಕೆ ಬಂದ್ರೆ ಇವನು ಬುಟ್ಟಿ ತಬ್ಕೊಂಡು, "ದೂರ, ದೂರ, ಗಾಜೈತೆ!" ಆ ಹುಡುಗಿ ಅತ್ತೇಬಿಟ್ಳು. ಇವನು ನಗ್ತಾ ಮನೆಗೆ ಬಂದ. "ಒಂದೂ ಒಡೀಲಿಲ್ಲ ಅವ್ವಾ!"

ಗಿರಿಯಮ್ಮ ತಲೆ ಮೇಲೆ ಕೈ ಹೊತ್ತು ಕೂತ್ಲು. "ಬಳೆ ಇರೋದು ಕೈಗೆ ಕಣಪ್ಪಾ. ಯಾರು ಕೈ ಚಾಚಿದ್ರೂ ತೊಡಿಸು. ಬೆರಳು ಮಡಿಸಿ, ಅಂಗೈ ಹಿಸುಕಿ, ಮೆಲ್ಲಗೆ ಏರಿಸು. ಹೋಗು, ಗೌಡರ ಮನೆಗೇ ಹೋಗು."

ಹೋದ. ಅರ್ಧ ಗಳಿಗೇಲಿ ವಾಪಸ್ ಬಂದ. ಬುಟ್ಟೀಲಿ ಉಳಿದಿದ್ದು ಆರೇ ಬಳೆ.

"ಇಷ್ಟು ಬೇಗ ಬಂದ್ಯಾ? ಗೌಡರ ಸೊಸೆ ಏನಂದ್ಲು?"

"ಗೌಡರ ಮನೆಗಂಟ ಹೋಗ್ಲೇ ಇಲ್ಲ ಅವ್ವಾ. ರಾಗಿ ಹೊಲದಲ್ಲಿ ಒಬ್ಬಳು ಎರಡೂ ಕೈ ಚಾಚಿ ನಿಂತಿದ್ಲು. ಮಡಕೆ ತಲೆ, ಕೋಲು ಕೈ. ಬೆರಳೇ ಇರಲಿಲ್ಲ, ಸಲೀಸಾಗಿ ಏರಿಸ್ದೆ. ನೋವು ಅಂತ ಒಂದ್ಮಾತು ಅನ್ಲಿಲ್ಲ!"

ಬೆರ್ಚಪ್ಪಂಗೆ ಬಳೆ! ಬೈಯ್ಯಕ್ಕೂ ಗಿರಿಯಮ್ಮಂಗೆ ತ್ರಾಣ ಉಳಿದಿರಲಿಲ್ಲ. "ಸಾಕಾಯ್ತಪ್ಪಾ. ಎಬ್ಬಿಸು ನನ್ನ. ನಾನೇ ಹೋಗ್ತೀನಿ" ಅಂತ ಕೈ ಚಾಚಿದ್ಲು.

ಕೈ ಚಾಚಿದ್ಲು! ಮುದ್ದಶೆಟ್ಟಿ ಬೆರಳು ಮಡಿಸಿದ, ಅಂಗೈ ಹಿಸುಕಿದ, ಉಳಿದ ಆರು ಹಸಿರು ಬಳೆ ಮೆಲ್ಲಗೆ ಏರಿಸಿದ. ಒಂದೂ ಒಡೀಲಿಲ್ಲ. ಥೇಟ್ ಅವಳದ್ದೇ ಕೈಗುಣ.

ಹನ್ನೆರಡು ವರ್ಷದ ಬರಿಗೈ ನೋಡ್ಕೊಂಡು ಅವಳ ಕಣ್ಣು ತುಂಬ್ತು. "ಗಂಡ ಸತ್ತೋಳಿಗೆ ಬಳೆ ತೊಡಿಸ್ತಾರೇನೋ? ಊರೋರು ಏನಂತಾರೋ!" ಅಂತ ಬಳೆ ಒಡ್ಕೊಳ್ಳಕ್ಕೆ ಗುಂಡುಕಲ್ಲು ಎತ್ತಿದ್ಲು.

ಮಗ ಹಾರಿ ಬಂದು ಬಳೆ ತೊಟ್ಟ ಕೈ ತಬ್ಕೊಂಡ.

"ದೂರ ಅವ್ವಾ, ದೂರ! ಗಾಜೈತೆ!"