ಇಡ್ಲಿ ಪಾತ್ರೆಯ ತಮ್ಮ

ಹೊಗೆ ಬಿಡುವವರೆಲ್ಲ ಸುಂಕ ಕಟ್ಟಿಯೇ ಊರೊಳಗೆ ಬರಬೇಕೆಂದು ಅರಸ ಡಂಗುರ ಹೊಡೆಸಿದ. ಊರಬಾಗಿಲಲ್ಲಿ ವಸೂಲಿಗೆ ಕೂತದ್ದು ಒಂದು ತಾಯಿ ನಾಯಿ. ಪಕ್ಕದಲ್ಲಿ ನೆಗಡಿಯಾದ ಅದರ ಮರಿ. ಮುದಿ ಬೀಡಿ ಕೆಮ್ಮುತ್ತ, ಗೊಣಗುತ್ತ ಸುಂಕ ಕಟ್ಟಿ ಒಳಗೆ ಹೋಯಿತು. ಹಿಂದೆ ಬಂದ ಇಡ್ಲಿ ಪಾತ್ರೆ ಮರಿಯ ಮೂಗಿಗೆ ಹಿತವಾಗಿ ಹಬೆ ಕೊಟ್ಟಿತು.

"ಅಕ್ಕಾ, ನಿನ್ನದು ಬರೀ ಹಬೆ. ಸುಂಕವಿಲ್ಲ, ನಡೆ," ಎಂದಿತು ನಾಯಿ.

ಇದನ್ನು ಕಂಡ ಇ-ಸಿಗರೇಟು ಕುಣಿಯುತ್ತ ಮುಂದೆ ನುಗ್ಗಿತು. "ನನ್ನದೂ ಹಬೆಯೇ! ಬೆಂಕಿಯಿಲ್ಲ, ಬೂದಿಯಿಲ್ಲ, ಮಾವಿನಹಣ್ಣಿನ ಘಮಘಮ ನೋಡಿ! ನಾನು ಇಡ್ಲಿ ಪಾತ್ರೆಯ ಸ್ವಂತ ತಮ್ಮ. ಬೇಗ ಬಾಗಿಲು ತೆಗೆಯಿರಿ!"

ನಾಯಿ ಮೂಸಿ ನೋಡಿತು. ಮಾವಿನಹಣ್ಣೇ! ಅದಕ್ಕೆ ಖುಷಿಯೋ ಖುಷಿ. "ಒಳ್ಳೆಯ ಹೊತ್ತಿಗೆ ಬಂದೆಯಪ್ಪಾ! ಅಕ್ಕ ಹಬೆ ಕೊಟ್ಟರೂ ಮರಿಯ ನೆಗಡಿ ಪೂರ್ತಿ ಬಿಟ್ಟಿಲ್ಲ. ನೀನೂ ಒಂದಿಷ್ಟು ಕೊಟ್ಟು ಹೋಗು."

ಕಟ್ಟಿದ ಮೂಗಿಗೂ ಮಾವು ಘಮ್ಮೆಂದಿತು. ಮರಿ ಬಾಲ ಅಲ್ಲಾಡಿಸುತ್ತ ಓಡಿಬಂದು ಇ-ಸಿಗರೇಟಿನ ಬಾಯಿಗೇ ಮೂಗು ಇಟ್ಟಿತು.

ಇ-ಸಿಗರೇಟು ತಟ್ಟನೆ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹಾರಿತು. "ಅಯ್ಯೋ, ಮಗುವನ್ನು ಆಚೆ ಕರೆದುಕೊಳ್ಳಿ! ಮೊದಲು ಆಚೆ ಕರೆದುಕೊಳ್ಳಿ!"

ನಾಯಿ ಮರಿಯನ್ನು ಮಡಿಲಿಗೆ ಎಳೆದುಕೊಂಡಿತು. ಆಮೇಲೆ ಸುಂಕಕ್ಕೆ ಮುಂಗಾಲು ಚಾಚಿತು.

ಬಾಗಿಲ ಒಳಗಿನಿಂದ ಮುದಿ ಬೀಡಿ ಕೆಮ್ಮುತ್ತಲೇ ನಕ್ಕು ಕೂಗಿತು: "ಕಟ್ಟಿ ಬಾರೋ ತಮ್ಮಾ! ನಿನ್ನ ಅಣ್ಣ ನಾನು ಇಲ್ಲಿದ್ದೇನೆ."