ಟಾರ್ಚಿನ ಕೆಂಪು ಕಾಗದ

ಬಹಳ ವರ್ಷಗಳ ಮೇಲೆ ಹಳೆಯ ನಕ್ಷತ್ರ ನಕ್ಷೆಯ ಪುಸ್ತಕ ತಾರಸಿ ಹತ್ತಿತ್ತು. ಹೊಸ ಟಾರ್ಚು ಅದರ ಮೇಲೆ ಬೆಳಕು ಸುರಿದು, "ಹೇಗಿದೆ ಅಜ್ಜ, ನನ್ನ ಪ್ರತಾಪ?" ಎಂದಿತು. ಪುಟದಿಂದ ಆಕಾಶದತ್ತ ತಲೆಯೆತ್ತಿದ ಒಡತಿ ವಾರಿಜಮ್ಮನಿಗೆ ಕಣ್ಣು ಕೋರೈಸಿ ಒಂದು ಚುಕ್ಕಿಯೂ ಕಾಣಲಿಲ್ಲ. "ನನಗಿನ್ನು ಇದೆಲ್ಲ ಆಗದು. ಪುಸ್ತಕ ನಾಳೆ ರದ್ದಿಗೆ ಹೋಗಲಿ," ಎಂದರು.

ಪುಸ್ತಕ ಟಾರ್ಚಿನತ್ತ ತಿರುಗಿತು. "ನಿನಗಿಂತ ಮುಂಚೆ ಇದ್ದ ಟಾರ್ಚು ಮುಖಕ್ಕೆ ಕೆಂಪು ಕಾಗದ ಕಟ್ಟಿಕೊಂಡೇ ಬರುತ್ತಿತ್ತು. ಆ ಮಂದ ಬೆಳಕಲ್ಲಿ ನನ್ನನ್ನು ಓದಿದ ಕಣ್ಣಿಗೆ ಆಕಾಶವೂ ಕಾಣುತ್ತಿತ್ತು. ಎಂಥ ದಿನಗಳವು!"

"ಮುಖ ಮುಚ್ಚಿಕೊಂಡರೆ ನನ್ನನ್ನು ಯಾರು ನೋಡ್ತಾರೆ?"

"ಅಂಗಡಿಯ ದೀಪ ಸರಕಿನ ಮೇಲೆ ಬೀಳಬೇಕು ಮರಿ, ಗಿರಾಕಿಯ ಕಣ್ಣಿಗಲ್ಲ," ಎಂದು ಪುಸ್ತಕ ಪುಟ ಕೊಡವಿತು. ಒಳಗೆ ಉಳಿದಿದ್ದ ಆ ಕೆಂಪು ಕಾಗದ ವಾರಿಜಮ್ಮನ ಮಡಿಲಿಗೆ ಬಿತ್ತು. ಅವರು ನಕ್ಕು ಅದನ್ನು ಟಾರ್ಚಿಗೆ ಕಟ್ಟಿದರು. ಸ್ವಲ್ಪ ಹೊತ್ತಿಗೆ, "ಅಗೋ, ಕೃತ್ತಿಕೆ!" ಎಂದು ಮುಂದಿನ ಪುಟ ತಿರುವಿದರು.

"ಅಜ್ಜ," ಎಂದಿತು ಟಾರ್ಚು ಮೆಲ್ಲಗೆ, "ಈ ಚುಕ್ಕಿಗಳೆಲ್ಲ ಇಷ್ಟು ಹೊತ್ತು ಎಲ್ಲಿದ್ದವು?"